ಬಸಿರಿನಲ್ಲಿ, ಬಾಣಂತನದಲ್ಲಿ ಕುಡಿತ ಬಿಡಲು ಮನಸ್ಸಿಗೆ ನೆರವಾಗುವುದು ಹೇಗೆ?

ಗರ್ಭಿಣಿ ಕುಡಿದ ಮದ್ಯ ಮಾಸುವನ್ನು ದಾಟಿ ಮಗುವಿನ ರಕ್ತವನ್ನು ಸೇರುತ್ತದೆ; ಅದನ್ನು ಕರಗಿಸಿ ಹೊರಹಾಕುವಷ್ಟು ಮಗುವಿನ ಯಕೃತ್ತು ಇನ್ನೂ ಬೆಳೆದಿರುವುದಿಲ್ಲ. ಮಿದುಳಿನ ಬೆಳವಣಿಗೆ, ಕಲಿಕೆ, ನಡವಳಿಕೆಗಳ ಮೇಲೆ ಜೀವನವಿಡೀ ಉಳಿಯುವ ಈ ಹಾನಿಗೆ 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನಬಹುದಾದ ಅಳತೆ ಇಂದಿಗೂ ಇಲ್ಲ. ಇದನ್ನೆಲ್ಲ ಹೇಳಿ ಹೆದರಿಸಿದರೆ ಆಕೆ ಬಿಟ್ಟುಬಿಡುತ್ತಾಳೆ ಎಂದು ನಾವು ನಂಬುತ್ತೇವೆ. ಆದರೆ ಹೆದರಿದವಳು ಮುಚ್ಚಿಟ್ಟು ಕುಡಿಯುತ್ತಾಳೆ, ತಪಾಸಣೆಗೆ ಬರುವುದನ್ನೂ ತಪ್ಪಿಸುತ್ತಾಳೆ. ಆದ್ದರಿಂದ ಆಶಾ ಕಾರ್ಯಕರ್ತೆ, ನರ್ಸ್, ತಾಯಿ, ಗಂಡ, ಯಾರೇ ನೆರವಿಗೆ ನಿಂತರೂ ಹೇಗೆ ಮಾತನಾಡಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೊದಲ ಹೆಜ್ಜೆ ಕೇಳುವುದು. ಎಲ್ಲ ಗರ್ಭಿಣಿಯರನ್ನೂ ಪ್ರತಿ ಭೇಟಿಯಲ್ಲಿಯೂ ಮದ್ಯದ ಬಗ್ಗೆ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆ ಇದಕ್ಕೆ ಒಳ್ಳೆಯ ಸಂದರ್ಭ. ಅತ್ತೆ, ಗಂಡ ಪಕ್ಕದಲ್ಲಿ ಇಲ್ಲದಿರುವಾಗ, “ಇದನ್ನು ಎಲ್ಲರಿಗೂ ಕೇಳುತ್ತೇನೆ” ಎಂದು ಹೇಳಿಯೇ ಆರಂಭಿಸಿ, ಬಸಿರಾಗುವ ಮೊದಲಿನ ಅಭ್ಯಾಸದಿಂದ ಇಂದಿನವರೆಗೆ ಬಂದರೆ ಉತ್ತರ ಸಲೀಸಾಗಿ ಬರುತ್ತದೆ. ಪ್ರಮಾಣವನ್ನು ಆಕೆ ಬಳಸುವ ಅಳತೆಯಲ್ಲಿಯೇ ಕೇಳಬೇಕು. 90 ಮಿ.ಲೀ. ವಿಸ್ಕಿ ಅಥವಾ ಬ್ರಾಂದಿಯ ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ, 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ‘ಬಿಯರ್ ತಾನೇ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಎರಡನೆಯದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ. ದಿನವೂ ಕುಡಿಯುವವಳು, ಬೆಳಿಗ್ಗೆ ಎದ್ದಾಗ ಕೈ ನಡುಗುವವಳು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಬಳಿಕ ಭ್ರಮೆ, ಗೊಂದಲವೂ ಕಾಣಿಸಿಕೊಳ್ಳಬಹುದು. ಇದು ತಾಯಿ, ಮಗು ಇಬ್ಬರಿಗೂ ಅಪಾಯ. ಅಂಥವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬಾರದು. ಆಸ್ಪತ್ರೆಗೆ ಸೇರಿಸಿ, ವೈದ್ಯರ ಕಣ್ಗಾವಲಿನಲ್ಲಿ ನಿಲ್ಲಿಸಬೇಕು.

ನಂತರ ಬರುವುದು ಮಾತುಕತೆ, ಹೆಚ್ಚು ತಾಳ್ಮೆ ಬೇಕಾಗುವುದೂ ಇಲ್ಲಿಯೇ. ಬಿಡಬೇಕೆಂಬ ಕಾರಣ ಆಕೆಯ ಬಾಯಿಂದಲೇ ಬರುವಂತೆ ಮಾತನಾಡುವ ಈ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದರು. ಅದರಲ್ಲಿ ಬಳಸುವ ಒಂದು ಪ್ರಶ್ನೆ ಹೀಗೆ ಸಾಗುತ್ತದೆ:

“ಸೊನ್ನೆಯಿಂದ ಹತ್ತರೊಳಗೆ ಹೇಳು, ಬಿಡಬೇಕು ಅಂತ ಎಷ್ಟು ಅನ್ನಿಸ್ತಿದೆ?”

“ನಾಲ್ಕು ಅನ್ನಬೋದು ಅಕ್ಕಾ.”

“ಸೊನ್ನೆ, ಒಂದು ಅನ್ನದೆ ನಾಲ್ಕು ಅಂದ್ಯಲ್ಲ, ಯಾಕೆ?”

“ಮೊದಲನೇ ಮಗು ತೂಕ ಕಮ್ಮಿ ಇತ್ತು. ಇದು ಹಂಗಾಗಬಾರದು.”

“ಹತ್ತಕ್ಕೆ ಯಾಕೆ ಬರಲಿಲ್ಲ?” ಎಂದು ಕೇಳಿದ್ದರೆ ಆಕೆ ಬಿಡಲಾಗದ ಕಾರಣಗಳನ್ನೇ ಪಟ್ಟಿ ಮಾಡುತ್ತಿದ್ದಳು. ‘ಸೊನ್ನೆ ಯಾಕಲ್ಲ’ ಎಂದು ಕೇಳಿದ್ದರಿಂದ ಬಿಡುವ ಕಾರಣವನ್ನು ಹುಡುಕಿ ಹೇಳಿದಳು. ಆಗ ಉಪದೇಶಕ್ಕೆ ತೊಡಗದೆ, ಆಕೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, “ಅದಕ್ಕೆ ಈ ವಾರ ಏನು ಮಾಡಬಹುದು?” ಎಂದು ಕೇಳಿದರೆ ಸಾಕು. ಇಂಥ ಮಾತುಕತೆಗೆ ಹತ್ತು ಹದಿನೈದು ನಿಮಿಷ ಸಾಕಾಗುತ್ತದೆ, ಆದರೆ ಮತ್ತೆ ಮತ್ತೆ ನಡೆಯಬೇಕು.

ಮುಂದಿನ ಕೆಲಸ ಆ ವಾರದ ಯೋಜನೆ. ಕುಡಿಯಬೇಕೆನಿಸುವುದು ಯಾವಾಗ, ಯಾರ ಜೊತೆ, ಯಾವ ಸಂಕಟದಲ್ಲಿ ಎಂಬುದನ್ನು ಆಕೆಯೊಂದಿಗೆ ಕುಳಿತು ಗುರುತಿಸಬೇಕು: ತೋಟದ ಕೆಲಸ ಮುಗಿಸಿ ಮೈಕೈ ನೋವಿನಿಂದ ಬಂದ ಸಂಜೆಯೋ, ಗಂಡ ಬಾಟಲಿ ಬಿಚ್ಚಿದ ಹೊತ್ತೋ, ನಿದ್ದೆ ಬಾರದ ರಾತ್ರಿಯೋ. ಆ ಹೊತ್ತಿಗೆ ಮಾಡುವ ಕೆಲಸವನ್ನು ಮೊದಲೇ ನಿರ್ಧರಿಸಿಟ್ಟುಕೊಳ್ಳಬೇಕು. ಬೇಗ ಊಟ ಮಾಡುವುದು, ಅಕ್ಕನ ಮನೆಗೆ ಹೋಗುವುದು, ಒಬ್ಬರಿಗೆ ಫೋನ್ ಮಾಡುವುದು ಯಾವುದಾದರೂ ಆಗಬಹುದು. ಕುಡಿಯುವ ತುಡಿತ ಏರಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ ಎಂದು ತಿಳಿದವಳಿಗೆ ಆ ಹೊತ್ತನ್ನು ದಾಟಿಸುವ ಧೈರ್ಯ ಬರುತ್ತದೆ. ಗಂಡನೂ ಈ ತಿಂಗಳುಗಳಲ್ಲಿ ಮನೆಗೆ ಮದ್ಯ ತರದಿರುವುದು, ಸಾಧ್ಯವಾದರೆ ತಾನೂ ಬಿಡುವುದು ಯಾವ ಸಲಹೆಗಿಂತಲೂ ದೊಡ್ಡ ನೆರವು ಎಂದು ನನಗೆ ಅನ್ನಿಸುತ್ತದೆ. ಕುಡಿತದ ಹಿಂದೆ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಹೆರಿಗೆಯಾದ ಮೇಲೆ ನೆರವನ್ನು ನಿಲ್ಲಿಸುವುದು ನಾವು ಮಾಡುವ ದೊಡ್ಡ ತಪ್ಪು. ಹೊಟ್ಟೆಯಲ್ಲಿ ಮಗುವಿದೆ ಎಂಬ ಕಾರಣಕ್ಕೆ ಹಿಡಿದಿಟ್ಟುಕೊಂಡವಳಿಗೆ ಆ ಕಾರಣ ಮುಗಿದಂತಾಗುತ್ತದೆ. ನಿದ್ದೆಗೆಟ್ಟ ರಾತ್ರಿಗಳು, ಬಾಣಂತಿ ಖಿನ್ನತೆ ಸೇರಿಕೊಂಡರೆ ಮರಳಿ ಕುಡಿತಕ್ಕೆ ಬೀಳುವುದು ಸುಲಭ. ಮೈ ಬೆಚ್ಚಗಿರಲೆಂದು ಬಾಣಂತಿಗೆ ಬ್ರಾಂದಿ ಕೊಡುವ ರೂಢಿಯೂ ಕೆಲವು ಮನೆಗಳಲ್ಲಿದೆ. ಕುಡಿತ ಬಿಟ್ಟವಳಿಗೆ ಆ ಒಂದು ಲೋಟವೇ ಹಳೆಯ ದಾರಿಯನ್ನು ತೆರೆಯಬಹುದೆಂದು ಹಿರಿಯರಿಗೆ ಗೌರವದಿಂದಲೇ ತಿಳಿಸಬೇಕು. ರಕ್ತದಲ್ಲಿ ಮದ್ಯ ಇರುವಷ್ಟು ಹೊತ್ತು ಎದೆಹಾಲಿನಲ್ಲಿಯೂ ಇರುತ್ತದೆ, ಹಾಲು ಹಿಂಡಿ ಚೆಲ್ಲಿದರೆ ಅದು ಬೇಗ ಇಳಿಯುವುದಿಲ್ಲ. ಕುಡಿದ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬಾರದು, ಅದು ಮಗುವಿನ ಜೀವಕ್ಕೆ ಅಪಾಯ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಆ ಭೇಟಿಗಳಲ್ಲಿ ಮಗುವಿನ ತೂಕದ ಜೊತೆಗೆ ತಾಯಿಯ ನಿದ್ದೆ, ಅಳು, ಕುಡಿತವನ್ನೂ ವಿಚಾರಿಸಬೇಕು.

ನಡುವೆ ಎಡವಿ ಒಂದು ದಿನ ಕುಡಿದರೆ, “ಮಾಡಿದ್ದೆಲ್ಲ ವ್ಯರ್ಥವಾಯಿತು” ಎನ್ನುವ ಬದಲು, ಅಂದು ಏನಾಯಿತು, ಮುಂದಿನ ಬಾರಿ ಯಾವುದನ್ನು ಬದಲಿಸಬಹುದು ಎಂದು ಕೇಳಿ, ಅದೇ ವಾರ ಮತ್ತೆ ಭೇಟಿಯಾಗಬೇಕು.

ಆಸ್ಪತ್ರೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಅನೇಕರನ್ನು ತಡೆಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದೂ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ತಾಯಿ-ಮಗು ಒಟ್ಟಿಗೆ ಇರುವ ವಾರ್ಡೂ ಇವೆ. ದೂರದವರು ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಕಾಣಬಹುದು ಅಥವಾ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವ ಮೊದಲು ಎಷ್ಟನೇ ತಿಂಗಳು, ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಬಾರಿ ಕುಡಿದದ್ದು ಯಾವಾಗ, ಕೈ ನಡುಕ ಅಥವಾ ಬೆವರು ಇದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ಮೊದಲು ಇವನ್ನೇ ಕೇಳಬಹುದು.