ಚಿಲ್ಲರೆ ನಾಣ್ಯಗಳಲ್ಲಿ ಅಚ್ಚಿನ ಭೇದ ಮತ್ತು ಟಂಕದೋಷಗಳನ್ನು ಗುರುತಿಸುವ ಬಗೆ

ಕೈಗೆ ಬಂದ ಚಿಲ್ಲರೆಯಲ್ಲಿ ವಿಶೇಷ ನಾಣ್ಯಗಳನ್ನು ಹುಡುಕಬಯಸುವವರು ಮೊದಲು ಒಂದು ಪ್ರಶ್ನೆಯನ್ನು ರೂಢಿಸಿಕೊಳ್ಳಬೇಕು. ಕಣ್ಣಿಗೆ ಬಿದ್ದ ವ್ಯತ್ಯಾಸವು ಅಚ್ಚು ತಯಾರಾಗುವಾಗ ಉಂಟಾಯಿತೇ, ಲೋಹದ ಬಿಲ್ಲೆ ಕತ್ತರಿಸುವಾಗಲೇ, ಅಚ್ಚೊತ್ತುವ ಕ್ಷಣದಲ್ಲೇ, ಇಲ್ಲವೇ ನಾಣ್ಯವು ಟಂಕಸಾಲೆಯಿಂದ ಹೊರಬಿದ್ದ ನಂತರವೇ? ಕೊನೆಯದಾಗಿದ್ದರೆ ಅದು ಬರಿಯ ಜಖಂ. ನೋಡಲು ಎಷ್ಟೇ ವಿಚಿತ್ರವಾಗಿದ್ದರೂ ಸಂಗ್ರಾಹಕರಿಗೆ ಅದು ಮುಖ್ಯವಲ್ಲ. ಅಚ್ಚಿನಲ್ಲೇ ಇರುವ ಭೇದವು ಆ ಅಚ್ಚಿನಿಂದ ಮೂಡಿದ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಒತ್ತುವಾಗಿನ ದೋಷವಾದರೋ ಬಹುಮಟ್ಟಿಗೆ ಆ ಒಂದು ನಾಣ್ಯಕ್ಕೇ ಸೀಮಿತ.

ಸಲಕರಣೆಗಳು ಹೆಚ್ಚೇನೂ ಬೇಕಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಲೂಪ್, ಒಂದೇ ದಿಕ್ಕಿನಿಂದ ಬೀಳುವ ಬೆಳಕು, ಮೆತ್ತನೆಯ ಬಟ್ಟೆ ಹಾಸಿದ ಮೇಜು ಹಾಗೂ ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿ ಇದ್ದರೆ ಸಾಕು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಕೊಳೆಯಾಗಿದೆಯೆಂದು ಉಜ್ಜಿ ತೊಳೆಯಲೇಬಾರದು, ಏಕೆಂದರೆ ಉಜ್ಜುವುದರಿಂದ ಮೇಲ್ಮೈಯಲ್ಲಿ ಮೂಡುವ ಗೀರುಗಳನ್ನು ಯಾವ ಉಪಾಯದಿಂದಲೂ ಅಳಿಸಲಾಗದು.

ಪರೀಕ್ಷೆಯ ತಿರುಳಿರುವುದು ಉಬ್ಬು ಮತ್ತು ತಗ್ಗಿನ ವಿವೇಚನೆಯಲ್ಲಿ. ಅಚ್ಚಿನಲ್ಲಿ ಬಿರುಕು ಬಿಟ್ಟರೆ ಒತ್ತುವಾಗ ಲೋಹವು ಆ ಸಂದಿಗೆ ನುಗ್ಗುತ್ತದೆ. ಆದ್ದರಿಂದ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಕಾಣುತ್ತದೆ. ಗೀರು ಬಿದ್ದ ನಾಣ್ಯದಲ್ಲಿ ಗೆರೆ ತಗ್ಗಾಗಿದ್ದು, ಅದರ ಎರಡೂ ಬದಿಗೆ ತಳ್ಳಲ್ಪಟ್ಟ ಲೋಹ ಸಣ್ಣ ಏರಿಯಂತೆ ನಿಂತಿರುತ್ತದೆ. ಅಚ್ಚಿನ ಅಂಚಿನ ಚೂರೇ ಮುರಿದು ಬಿದ್ದಿದ್ದರೆ ನಾಣ್ಯದ ಅಂಚಿನಲ್ಲಿ ಅಕ್ಷರಗಳನ್ನು ನುಂಗಿದ ಒಂದು ಗಡ್ಡೆ ಮೂಡುತ್ತದೆ. ಸಂಗ್ರಾಹಕರು ಇದನ್ನು ಕಡ್ ಎನ್ನುತ್ತಾರೆ. ಆದರೆ ಲೇಪನವಿರುವ ನಾಣ್ಯಗಳಲ್ಲಿ ಒಳಗೆ ಗಾಳಿ ಸೇರಿ ಎದ್ದ ಗುಳ್ಳೆಗಳೂ ಉಬ್ಬಾಗಿಯೇ ಇರುತ್ತವೆ, ಅವನ್ನು ಅಚ್ಚಿನ ಭೇದವೆಂದು ಎಣಿಸಬಾರದು.

ಹೊಸಬರು ಹೆಚ್ಚಾಗಿ ಎಡವುವುದು ಜೋಡಿ ಅಕ್ಷರಗಳ ವಿಷಯದಲ್ಲಿ. ಮೂಲ ಆಕೃತಿಯಿಂದ ಅಚ್ಚನ್ನು ತಯಾರಿಸಲು ಹಿಂದೆ ಒಂದಕ್ಕಿಂತ ಹೆಚ್ಚು ಬಾರಿ ಒತ್ತಬೇಕಾಗುತ್ತಿತ್ತು. ಎರಡನೆಯ ಒತ್ತು ಕೊಂಚ ಸರಿದರೆ ಅಚ್ಚಿನಲ್ಲೇ ಎರಡು ಚಿತ್ರಗಳು ಕೂರುತ್ತಿದ್ದವು. ಡಬಲ್ ಡೈ ಎಂದು ಹೆಸರಾದದ್ದು ಇದೇ. ಅಮೆರಿಕದ 1955ರ ಒಂದು ಸೆಂಟ್ ನಾಣ್ಯ ಇದರ ಪ್ರಸಿದ್ಧ ಉದಾಹರಣೆ: ಮುಂಬದಿಯ ಇಸವಿ ಮತ್ತು ಬರಹ ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ, ಹಿಂಬದಿ ಮಾತ್ರ ಸಹಜವಾಗಿದೆ, ಏಕೆಂದರೆ ತಪ್ಪು ಇದ್ದದ್ದು ಮುಂಬದಿಯ ಅಚ್ಚಿನಲ್ಲಷ್ಟೇ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಟಂಕಸಾಲೆ ಒಂದೇ ಒತ್ತಿನ ವಿಧಾನಕ್ಕೆ ಬದಲಾದ ಬಳಿಕ ಅಲ್ಲಿನ ನಾಣ್ಯಗಳಲ್ಲಿ ಇಂಥ ಜೋಡಿಕೆ ಸಾಮಾನ್ಯವಾಗಿ ಚಿಕ್ಕದು, ಅದೂ ಚಿತ್ರದ ನಡುಭಾಗದ ಸುತ್ತಮುತ್ತ.

ಇದಕ್ಕಿಂತ ಬಹಳ ಹೆಚ್ಚಾಗಿ ಸಿಗುವುದು ಯಂತ್ರದ ಅಲುಗಾಟದಿಂದಾದ ಜೋಡಿಕೆ. ಒತ್ತಿದ ಮರುಕ್ಷಣ ಅಚ್ಚು ಕದಲಿ, ಆಗತಾನೇ ಮೂಡಿದ ಅಕ್ಷರದ ಬದಿಯನ್ನು ತರಿದುಹಾಕುತ್ತದೆ. ಒಂದು ಅಂಕಿಯನ್ನು ಲೂಪಿನಡಿ ಇಟ್ಟು ನಾಣ್ಯವನ್ನು ನಿಧಾನವಾಗಿ ತಿರುಗಿಸಿರಿ. ಪಕ್ಕದ ನೆರಳು ಚಪ್ಪಟೆಯಾಗಿ, ಮೆಟ್ಟಿಲಿನಂತೆ ತಗ್ಗಿನಲ್ಲಿದ್ದು, ಅಂಕಿ ಎಂದಿಗಿಂತ ಸಣಕಲಾಗಿದ್ದರೆ ಅದು ಅಲುಗಾಟದ ಫಲ. ಎರಡೂ ರೂಪಗಳು ದುಂಡಗಾಗಿದ್ದು, ಒಟ್ಟು ಅಗಲ ಹೆಚ್ಚಾಗಿ, ಅಕ್ಷರದ ಮೂಲೆಗಳಲ್ಲಿ ಸೀಳಿದಂಥ ಕಚ್ಚು ಸ್ಪಷ್ಟವಾಗಿದ್ದರೆ ಮಾತ್ರ ಡಬಲ್ ಡೈ ಎಂದು ಭಾವಿಸಬಹುದು. ಅದೇ ವರ್ಷದ ಸಹಜ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ಹೋಲಿಸದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಚಿತ್ರದ ಭಾಗವೊಂದು ಕಾಣೆಯಾಗಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ಅಮೆರಿಕದ ಡೆನ್ವರ್ ಟಂಕಸಾಲೆಯ 1937ರ ಐದು ಸೆಂಟ್ ನಾಣ್ಯದಲ್ಲಿ ಅಚ್ಚನ್ನು ಅತಿಯಾಗಿ ಉಜ್ಜಿದ್ದರಿಂದ ಕಾಡೆಮ್ಮೆಯ ಮುಂಗಾಲೊಂದು ಮಾಯವಾಯಿತು. ಸಹಜ ನಾಣ್ಯದ ಕಾಲನ್ನು ಕೆರೆದು ತೆಗೆದು ಇದರ ನಕಲು ಮಾಡಿದವರೂ ಇದ್ದಾರೆ. ಅಸಲಿಯಲ್ಲಿ ಹೊಟ್ಟೆಯ ಕೆಳಗೆ ನೆಲದತ್ತ ಇಳಿಯುವ ಉಬ್ಬು ಚುಕ್ಕೆಗಳ ಸಾಲಿರುತ್ತದೆ.

ಬಿಲ್ಲೆಯ ದೋಷಗಳನ್ನು ಗುರುತಿಸುವುದು ಸುಲಭ. ಅಂಚಿನಲ್ಲಿ ಕಚ್ಚಿ ತೆಗೆದಂಥ ಕೊರತೆ ಕಂಡರೆ ಅದಕ್ಕೆ ನೇರ ಎದುರಿನ ಅಂಚನ್ನು ನೋಡಿರಿ. ಅಲ್ಲಿ ಏಣು, ಅಂದರೆ ಅಂಚಿನ ಸುತ್ತ ಎದ್ದು ನಿಂತ ಪಟ್ಟಿ, ಮಸುಕಾಗಿದ್ದರೆ ದೋಷ ಟಂಕಸಾಲೆಯದೇ ಎನ್ನಲು ಒಳ್ಳೆಯ ಆಧಾರ ಸಿಕ್ಕಂತೆ. ನಾಣ್ಯವನ್ನು ಸದಾ ತಿರುವಿ ಎರಡೂ ಮುಖಗಳ ನೇರವನ್ನು ಹೋಲಿಸಬೇಕು, ಏಕೆಂದರೆ ತಿರುಗಿ ಕೂತ ಅಚ್ಚು ಒಂದೇ ಮುಖ ನೋಡುವವರಿಗೆ ತಿಳಿಯುವುದಿಲ್ಲ. ಇಸವಿಯಿದೆಯೇ ಎಂಬುದನ್ನೂ ನೋಡಬೇಕು: 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಇಸವಿಯನ್ನು ಹಿಂಬದಿಯಿಂದ ಮುಂಬದಿಗೆ ಸರಿಸಿದಾಗ, ಹಳೆಯ ಮುಂಬದಿಯ ಅಚ್ಚು ಹೊಸ ಹಿಂಬದಿಯೊಂದಿಗೆ ಸೇರಿ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು. ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಸಿಕ್ಕರೆ ಏಣಿನ ಒಳಬದಿಯಲ್ಲಿ ಬೆಸುಗೆಯ ಗೆರೆಯನ್ನು ಹುಡುಕಿರಿ. ಅಂಥವು ಬಹುತೇಕ ಎರಡು ನಾಣ್ಯಗಳನ್ನು ಕೊರೆದು ಜೋಡಿಸಿದವು.

ಆರಿಸಿದ ನಾಣ್ಯದ ಇಸವಿ, ತೂಕ, ದೋಷದ ಸ್ಥಾನ ಬರೆದಿಟ್ಟು, ಎರಡು ಕೋನಗಳ ಬೆಳಕಿನಲ್ಲಿ ಚಿತ್ರ ತೆಗೆದು, ಪಿವಿಸಿ ಇಲ್ಲದ ಹೊದಿಕೆಯಲ್ಲಿ ಇರಿಸಬೇಕು. ಅದೇ ಜಾಗದಲ್ಲಿ ಅದೇ ಭೇದವಿರುವ ಎರಡನೆಯ ನಾಣ್ಯ ದೊರೆತಾಗ ಮೊದಲ ಟಿಪ್ಪಣಿಯೊಂದಿಗೆ ತಾಳೆ ನೋಡಿದರೆ, ಅದು ಅಚ್ಚಿನ ಭೇದವೇ ಎಂಬುದು ಹೆಚ್ಚು ಖಚಿತವಾಗುತ್ತದೆ.