ಸಾಕಿದ ಇರುವೆಗಳನ್ನು ಚಳಿಗಾಲಕ್ಕೆ ಫ್ರಿಜ್ಜಿಗೆ ಕಳಿಸುವ ಮುನ್ನ

ಜರ್ಮನಿಯಲ್ಲಿ ಇರುವೆ ಸಾಕುವವರು ಸಾಮಾನ್ಯವಾಗಿ ಶುರುಮಾಡುವುದು ಲೇಸಿಯಸ್ ನೈಗರ್ ಎಂಬ ಕಪ್ಪು ತೋಟದಿರುವೆಯಿಂದ. ನಾನು ಸಾಕುವುದೂ ಅದನ್ನೇ. ಕೋಣೆಯನ್ನು ಎಷ್ಟೇ ಬೆಚ್ಚಗಿಟ್ಟರೂ ಶರತ್ಕಾಲ ಬಂದರೆ ಇದರ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಮರಿಹುಳುಗಳು ಬೆಳೆಯದೆ ಇದ್ದಷ್ಟೇ ಇರುತ್ತವೆ. ಕೆಲವು ತಿಂಗಳು ತಂಪು ಸಿಕ್ಕ ಮೇಲೇ ಗೂಡು ಸರಿಯಾಗಿ ಮತ್ತೆ ಚಿಗುರುವುದು. ನಮ್ಮೂರ ಗೊದ್ದಕ್ಕೋ ಚಗಳಿಗೋ ಈ ಲೆಕ್ಕ ಹಾಕಬೇಡಿ. ಚಗಳಿಯನ್ನು ಫ್ರಿಜ್ಜಿನಲ್ಲಿಟ್ಟರೆ ಸಾಯುತ್ತದೆ, ಅಷ್ಟೇ.

ತಯಾರಿ ಸೆಪ್ಟೆಂಬರಿನಲ್ಲೇ ಆಗಬೇಕು. ಹುಳದ ಊಟ ಕಡಿಮೆ ಮಾಡುತ್ತಾ ಬಂದು, ಸಿಹಿ ಹೆಚ್ಚಿಸುತ್ತೇನೆ: ಒಂದು ಪಾಲು ಜೇನು, ಮೂರು ಪಾಲು ನೀರು. ಸಾಕಾಯಿತೇ ಎಂಬುದಕ್ಕೆ ಕೆಲಸಗಾರ ಇರುವೆಯ ಹೊಟ್ಟೆ ನೋಡಿ. ತುಂಬಿದ ಹೊಟ್ಟೆ ಉಬ್ಬಿ, ಕಪ್ಪು ಪಟ್ಟಿಗಳ ನಡುವಿನ ತೆಳು ಚರ್ಮ ಬಿಳಿಚಿಕೊಂಡು ಕಾಣುತ್ತದೆ. ಹೆಚ್ಚಿನವು ಹಾಗಿದ್ದರೆ ಸರಿ. ಒಳಗಿಡುವ ಮುನ್ನ ಉಳಿದ ಊಟವನ್ನೆಲ್ಲ ತೆಗೆದುಬಿಡಬೇಕು. ಒಂದು ನೊಣದ ಕಾಲು ಉಳಿದರೂ ಬೂಷ್ಟು ಹಿಡಿಯುತ್ತದೆ.

ನನ್ನ ಇರುವೆಗಳ ಗೂಡು ಒಂದು ಟೆಸ್ಟ್ ಟ್ಯೂಬ್: ತಳದಲ್ಲಿ ನೀರು, ಅದನ್ನು ತಡೆಯಲು ಹತ್ತಿ, ಹತ್ತಿಯ ಈಚೆಗೆ ಇರುವೆಗಳು. ಅದನ್ನು ಬದಲಿಸುವುದಿದ್ದರೂ ಈಗಲೇ. ಹತ್ತಿ ಬರೀ ಕಂದಾಗಿದ್ದರೆ ಮುಟ್ಟುವುದಿಲ್ಲ. ಹತ್ತಿಯ ಹಿಂದೆ ಒಂದು ಬೆರಳಗಲ ನೀರೂ ಇಲ್ಲದಿದ್ದರೆ ಮಾತ್ರ ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ, ಹೊಸದಕ್ಕೆ ಕಪ್ಪು ಕಾಗದ ಹೊದಿಸಿ, ಹಳೆಯದಕ್ಕೆ ಬೆಳಕು ಬೀಳುವಂತೆ ಇಡುತ್ತೇನೆ. ಅವು ತಾವಾಗೇ ಹೋಗುತ್ತವೆ, ವಾರವಾದರೂ ಆಗಲಿ. ತಟ್ಟಿ ಉದುರಿಸಿದರೆ ರಾಣಿಗೆ ಪೆಟ್ಟಾಗುತ್ತದೆ. ಹೊಸ ಟ್ಯೂಬಿನ ಮೂರನೇ ಒಂದು ಭಾಗ ನೀರು ತುಂಬಿ, ಹತ್ತಿಯನ್ನು ಆ ನೀರಿಗೆ ತಾಗುವವರೆಗೆ ತಳ್ಳಬೇಕು. ಇಲ್ಲೇ ಬಹಳ ಜನರ ಗೂಡು ಹಾಳಾಗುವುದು. ನೀರಿನೊಂದಿಗೆ ಸಿಕ್ಕಿಕೊಂಡ ಗಾಳಿ, ಮಾರ್ಚಿನಲ್ಲಿ ಟ್ಯೂಬ್ ಬೆಚ್ಚಗಾಗುತ್ತಲೇ ಹಿಗ್ಗಿ, ನೀರನ್ನು ಹತ್ತಿಯಿಂದ ಹೊರಕ್ಕೆ ನೂಕುತ್ತದೆ. ಇನ್ನೂ ಮರಗಟ್ಟಿರುವ ಇರುವೆಗಳು ಅದರಲ್ಲಿ ಮುಳುಗುತ್ತವೆ. ಚಳಿಗಿಂತ ಈ ನೀರಿಗೇ ನಾನು ಹೆಚ್ಚು ಹೆದರುವುದು.

ಅಕ್ಟೋಬರ್ ಕೊನೆಗೆ ಟ್ಯೂಬನ್ನು ಮೊದಲು ಹೀಟರ್ ಇಲ್ಲದ ನೆಲಮಾಳಿಗೆಗೆ ಒಯ್ಯುತ್ತೇನೆ. ಅಲ್ಲಿ 12ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ. ಆಮೇಲೆ ಫ್ರಿಜ್, 5ರಿಂದ 8 ಡಿಗ್ರಿ. ಬಾಗಿಲಿನ ಅರೆ ಬೇಡ, ತೆಗೆದು ಹಾಕಿದಂತೆಲ್ಲ ಅಲುಗಾಡುತ್ತದೆ. ಹಿಂಗೋಡೆಯೂ ಬೇಡ, ಅಲ್ಲಿ ನೀರು ಹೆಪ್ಪುಗಟ್ಟಿ ಗಾಜು ಸೀಳಬಹುದು. ತರಕಾರಿ ಡ್ರಾಯರ್ ಒಳ್ಳೆಯದು. ಫ್ರಿಜ್ ಡಯಲ್ಲಿನ ಅಂಕಿ ನಂಬದೆ, ಥರ್ಮಾಮೀಟರನ್ನು ಟ್ಯೂಬಿನ ಪಕ್ಕದಲ್ಲೇ ಇಡಿ. ಟ್ಯೂಬನ್ನು ಹತ್ತಿ ಸುತ್ತಿದ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಸಣ್ಣ ತೂತುಗಳನ್ನು ಮಾಡಿದರೆ ಬಿಸಿ ತಂಪು ಏರುಪೇರಾಗುವುದು ತಗ್ಗುತ್ತದೆ. ಮನೆಯಲ್ಲಿ ಉಳಿದವರಿಗೆ ಡಬ್ಬಿಯಲ್ಲಿ ಏನಿದೆ ಎಂದು ಮೊದಲೇ ಹೇಳಿಡುವುದು ಕ್ಷೇಮ.

ಎರಡು ವಾರಕ್ಕೊಮ್ಮೆ ತೆರೆದು ನೋಡಿದರೆ ಸಾಕು. ಫ್ರಾಸ್ಟ್‌ಫ್ರೀ ಫ್ರಿಜ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ. ಇರುವೆಗಳು ರಾಣಿಯ ಸುತ್ತ ಗುಂಪುಗಟ್ಟಿ ಅಲ್ಲಾಡದೆ ಕೂತಿರುತ್ತವೆ. ಸತ್ತಿವೆಯೋ ಎಂದು ಅಲುಗಾಡಿಸಬೇಡಿ. ಟ್ಯೂಬಿನ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಕಾದರೆ ಒಂದಾದರೂ ಮೀಸೆ ಕದಲಿಸುತ್ತದೆ. ಒಂದೆರಡು ಮುದಿ ಕೆಲಸಗಾರ ಇರುವೆಗಳು ಸಾಯುವುದು ಸಹಜ.

ಫೆಬ್ರವರಿ ಕೊನೆಗೆ ಇದೇ ದಾರಿ ಹಿಂದಕ್ಕೆ: ಒಂದು ವಾರ ನೆಲಮಾಳಿಗೆ, ಆಮೇಲೆ ಕೋಣೆ. ಮೊದಲು ಕೊಡುವುದು ಜೇನುನೀರಿನ ಒಂದು ಹನಿ, ಇರುವೆಗಳು ಸಿಲುಕದಷ್ಟು ಚಿಕ್ಕದು. ಮೂರ್ನಾಲ್ಕು ದಿನ ಬಿಟ್ಟು ಕತ್ತರಿಸಿದ ನೊಣ. ಅದನ್ನು ಮರಿಹುಳುಗಳ ಕಡೆಗೆ ಎಳೆದುಕೊಂಡು ಹೋದರೆ ಊಟ ಹೆಚ್ಚಿಸಬಹುದು. ಮುಟ್ಟದಿದ್ದರೆ ತೆಗೆದು, ಎರಡು ದಿನ ಕಾದು ಮತ್ತೆ ಇಡಿ.