ವಿಕ್ಟೋರಿಯಾದ ಬೇಸಿಗೆ: ಹಿತ್ತಲಲ್ಲಿ ಕಡ್ಡಿ ಗೀರುವ ಮೊದಲು

ನವೆಂಬರ್ ಬರುತ್ತಿದ್ದಂತೆ ಮೆಲ್ಬರ್ನ್ ಸುತ್ತಮುತ್ತಲ ಹುಲ್ಲು ಹಳದಿಗೆ ತಿರುಗುತ್ತದೆ. ಟಾರ್ನೀಟ್, ಮೆಲ್ಟನ್, ಮಿಕಲ್‌ಹ್ಯಾಮ್, ವೋಲರ್ಟ್ ಕಡೆ ಮನೆ ಮಾಡಿರುವ ನಮ್ಮವರು ಇದನ್ನು ದಿನಾ ನೋಡುತ್ತೀರಿ. ಬಡಾವಣೆಯ ಕೊನೆಯಲ್ಲೊಂದು ತಂತಿ ಬೇಲಿ, ಅದರಾಚೆ ಮೊಣಕಾಲೆತ್ತರದ ಒಣ ಹುಲ್ಲು. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಆ ಹುಲ್ಲಿನ ವಿಷಯವನ್ನೇ. ಮನೆ ಬಾಡಿಗೆ, ಶಾಲೆ, ಲೈಸೆನ್ಸ್ ಎಲ್ಲದರ ಬಗ್ಗೆ ಯಾರಾದರೂ ಹೇಳಿಕೊಡುತ್ತಾರೆ. ಬೆಂಕಿಯ ನಿಯಮ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನನಗೂ ಯಾರೂ ಹೇಳಿರಲಿಲ್ಲ. ಬಂದ ಮೊದಲ ಜನವರಿಯಲ್ಲಿ ಬಾಡಿಗೆ ಮನೆಯ ಹಿತ್ತಲು ಗುಡಿಸಿ, ತರಗೆಲೆ ರಾಶಿ ಹಾಕಿ, ಬೆಂಕಿ ಹಚ್ಚಿದೆ. ಊರಲ್ಲಿ ಎಲ್ಲರೂ ಮಾಡುವ ಕೆಲಸ ಅಲ್ವಾ? ಎರಡು ನಿಮಿಷದಲ್ಲಿ ಪಕ್ಕದ ಮನೆಯ ಹಿರಿಯರು ನೀರು ಚಿಮ್ಮುತ್ತಿದ್ದ ಪೈಪ್ ಹಿಡಿದುಕೊಂಡೇ ಓಡಿ ಬಂದರು. ಬೈಯಲಿಲ್ಲ. "ಇವತ್ತು ಟೋಟಲ್ ಫೈರ್ ಬ್ಯಾನ್", ಅಂದರೆ ಹೊರಗೆ ಬೆಂಕಿ ಹಚ್ಚುವಂತಿಲ್ಲದ ದಿನ, ಎಂದಷ್ಟೇ ಹೇಳಿ, ಕೊನೆಯ ಕೆಂಡ ಆರುವವರೆಗೂ ಅಲ್ಲೇ ನಿಂತರು. ಅವರ ಕೈ ನಡುಗುತ್ತಿತ್ತು. ಮರುದಿನ ಚಹಾಕ್ಕೆ ಕರೆದಾಗ ಕಾರಣ ಗೊತ್ತಾಯಿತು. 2009ರ ಫೆಬ್ರವರಿ 7ರಂದು ಅವರು ಬೆಂಕಿ ಆರಿಸಲು ಹೋದ ಸ್ವಯಂಸೇವಕರಲ್ಲಿ ಒಬ್ಬರು.

ಆ ದಿನವನ್ನು ಇಲ್ಲಿ ಬ್ಲ್ಯಾಕ್ ಸ್ಯಾಟರ್‌ಡೇ ಎನ್ನುತ್ತಾರೆ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಬಿಸಿಲು, ಜೊತೆಗೆ ಉತ್ತರದಿಂದ ಒಣ ಬಿರುಗಾಳಿ. ಕಿಂಗ್‌ಲೇಕ್, ಮೇರಿಸ್‌ವಿಲ್‌ನಂಥ ಊರುಗಳು ಸುಟ್ಟುಹೋದವು. 173 ಜನ ಸತ್ತರು, 2,000ಕ್ಕೂ ಹೆಚ್ಚು ಮನೆಗಳು ಹೋದವು. ನಗರದಿಂದ ಕಿಂಗ್‌ಲೇಕ್‌ಗೆ ಕಾರಲ್ಲಿ ಒಂದು ಗಂಟೆಯ ದಾರಿ ಅಷ್ಟೇ. ಇಲ್ಲಿನವರು ಬೆಂಕಿಯ ಮಾತು ಬಂದ ಕೂಡಲೇ ಯಾಕೆ ಗಂಭೀರರಾಗುತ್ತಾರೆ ಅನ್ನುವುದು ಇದರಿಂದ ನಿಮಗೆ ತಿಳಿಯುತ್ತದೆ.

ಈಗ ನಿಯಮಕ್ಕೆ ಬರೋಣ. ಇಲ್ಲಿ ಮೂರು ಪದರಗಳಿವೆ. ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಮೊದಲನೆಯದು ನಿಮ್ಮ ಕೌನ್ಸಿಲ್, ಅಂದರೆ ಊರಿನ ನಗರಸಭೆಯಂಥ ಸ್ಥಳೀಯ ಆಡಳಿತ. ಹಿತ್ತಲಲ್ಲಿ ಎಲೆ, ಕಸ, ಕೊಂಬೆ ಸುಡಬಹುದೇ ಇಲ್ಲವೇ ಅನ್ನುವುದನ್ನು ಚಳಿಗಾಲದಲ್ಲೂ ಕೌನ್ಸಿಲ್ ನಿಯಮವೇ ತೀರ್ಮಾನಿಸುತ್ತದೆ. ನಗರದ ಅನೇಕ ಕೌನ್ಸಿಲ್‌ಗಳಲ್ಲಿ ಸುಡುವ ಹಾಗೇ ಇಲ್ಲ. ಪಕ್ಕದ ಕೌನ್ಸಿಲ್‌ನಲ್ಲಿರುವ ಗೆಳೆಯ ಸುಡುತ್ತಾನೆ ಎಂದು ನೀವೂ ಸುಡಬೇಡಿ. ಸುಮ್ನೆ ಹಸಿರು ಮುಚ್ಚಳದ ಬಿನ್‌ಗೆ ಹಾಕಿ.

ಎರಡನೆಯದು ಫೈರ್ ಡೇಂಜರ್ ಪೀರಿಯಡ್. ಇದನ್ನು ಘೋಷಿಸುವುದು ಕಂಟ್ರಿ ಫೈರ್ ಅಥಾರಿಟಿ, ಎಲ್ಲರೂ ಸಿಎಫ್‌ಎ ಎನ್ನುತ್ತಾರೆ. 1945ರಿಂದ ಇರುವ ಸಂಸ್ಥೆ. ಅದರ ದೊಡ್ಡ ಬಲ ಸ್ವಯಂಸೇವಕರು. ಈ ಅವಧಿಗೆ ಇಡೀ ರಾಜ್ಯಕ್ಕೆ ಒಂದೇ ತಾರೀಕು ಇರುವುದಿಲ್ಲ. ಹುಲ್ಲು ಎಷ್ಟು ಒಣಗಿದೆ, ಮಳೆ ಎಷ್ಟು ಬಂದಿದೆ ಎಂದು ನೋಡಿ ಒಂದೊಂದು ಪ್ರದೇಶಕ್ಕೂ ಬೇರೆ ಬೇರೆ ದಿನ ಶುರು ಮಾಡುತ್ತಾರೆ. ಈ ತಿಂಗಳುಗಳಲ್ಲಿ ಕಸ ಸುಡಲು ಲಿಖಿತ ಪರ್ಮಿಟ್ ಬೇಕು. ಅಡುಗೆಗೆ ಅಥವಾ ಚಳಿ ಕಾಯಿಸಿಕೊಳ್ಳಲು ಸಣ್ಣ ಬೆಂಕಿ ಹಾಕಬಹುದು, ಆದರೆ ಷರತ್ತುಗಳಿವೆ. ಗಾಳಿ ಗಂಟೆಗೆ 10 ಕಿಲೋಮೀಟರ್ ಮೀರಿರಬಾರದು. ಸರಿಯಾಗಿ ಕಟ್ಟಿದ ಒಲೆಯಲ್ಲಿ ಅಥವಾ ಕನಿಷ್ಠ 30 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಹಾಕಬೇಕು. ಒಂದು ಚದರ ಮೀಟರ್‌ಗಿಂತ ದೊಡ್ಡದಿರಬಾರದು. ಸುತ್ತ 3 ಮೀಟರ್, ಮೇಲೆಯೂ 3 ಮೀಟರ್, ಹತ್ತಿಕೊಳ್ಳುವಂಥದ್ದು ಏನೂ ಇರಬಾರದು. ಆ ಮೇಲಿನ 3 ಮೀಟರ್ ಅನ್ನು ಬಹಳ ಜನ ಮರೆಯುತ್ತಾರೆ. ಯೂಕಲಿಪ್ಟಸ್ ಕೊಂಬೆಯ ಕೆಳಗೆ ಫೈರ್ ಪಿಟ್ ಇಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆ ಎಲೆಯಲ್ಲಿ ಎಣ್ಣೆ ಇರುತ್ತದೆ, ದಯವಿಟ್ಟು ಬೇಡ.

ಮೂರನೆಯದು ಟೋಟಲ್ ಫೈರ್ ಬ್ಯಾನ್. ಇದು ಒಂದು ದಿನದ ಲೆಕ್ಕ, ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ. ಸಾಮಾನ್ಯವಾಗಿ ಹಿಂದಿನ ದಿನವೇ ತಿಳಿಸುತ್ತಾರೆ, ಕೆಲವೊಮ್ಮೆ ಅದೇ ದಿನ ಬೆಳಿಗ್ಗೆ. ರಾಜ್ಯವನ್ನು ಒಂಬತ್ತು ಡಿಸ್ಟ್ರಿಕ್ಟ್‌ಗಳಾಗಿ ಮಾಡಿದ್ದಾರೆ. ಮೆಲ್ಬರ್ನ್, ಜೀಲಾಂಗ್ ಎರಡೂ ಸೆಂಟ್ರಲ್‌ಗೆ ಸೇರುತ್ತವೆ. ನಿಮ್ಮ ಡಿಸ್ಟ್ರಿಕ್ಟ್ ಹೆಸರನ್ನು ಮನೆಯವರೆಲ್ಲರಿಗೂ ಹೇಳಿಕೊಡಿ, ಯಾಕೆಂದರೆ ರೇಡಿಯೋದಲ್ಲಿ ಊರ ಹೆಸರು ಹೇಳುವುದಿಲ್ಲ, ಡಿಸ್ಟ್ರಿಕ್ಟ್ ಹೆಸರು ಹೇಳುತ್ತಾರೆ. ಪ್ರವಾಸ ಹೊರಟಾಗ ಹೋಗುವ ಜಾಗದ್ದನ್ನೂ ನೋಡಿಕೊಳ್ಳಿ. ಮನೆಯಲ್ಲಿ ಬ್ಯಾನ್ ಇಲ್ಲದಿದ್ದರೂ ಅಲ್ಲಿ ಇರಬಹುದು.

ಬ್ಯಾನ್ ದಿನ ಬಯಲಲ್ಲಿ ಸೌದೆ, ಇದ್ದಿಲು, ಫೈರ್ ಪಿಟ್, ಸ್ಮೋಕರ್, ಸೌದೆಯ ಪಿಜ್ಜಾ ಒಲೆ ಯಾವುದೂ ಇಲ್ಲ. ಗ್ಯಾಸ್ ಅಥವಾ ಎಲೆಕ್ಟ್ರಿಕ್ ಬಾರ್ಬೆಕ್ಯೂ ಬಳಸಬಹುದು. ಅದಕ್ಕೂ ಸುತ್ತ 3 ಮೀಟರ್ ಖಾಲಿ ಇರಬೇಕು, ನಲ್ಲಿಗೆ ಜೋಡಿಸಿದ ಪೈಪ್ ಅಥವಾ ಕನಿಷ್ಠ 10 ಲೀಟರ್ ನೀರು ಪಕ್ಕದಲ್ಲಿರಬೇಕು, ದೊಡ್ಡವರೊಬ್ಬರು ಪೂರ್ತಿ ಹೊತ್ತು ಅಲ್ಲೇ ನಿಂತಿರಬೇಕು. ತಪ್ಪಿದರೆ ಹತ್ತಾರು ಸಾವಿರ ಡಾಲರ್ ದಂಡ ಬೀಳಬಹುದು, 2 ವರ್ಷದವರೆಗೆ ಜೈಲೂ ಆಗಬಹುದು. ಹೊಸ ಮನೆಯ ಕೆಲಸ ಮಾಡಿಸುತ್ತಿರುವವರು ಗಮನಿಸಿ: ಹೊರಗೆ ವೆಲ್ಡಿಂಗ್, ಗ್ರೈಂಡಿಂಗ್ ಕೂಡ ಅವತ್ತು ಪರ್ಮಿಟ್ ಇಲ್ಲದೆ ಮಾಡುವಂತಿಲ್ಲ.

ರಸ್ತೆ ಬದಿಯಲ್ಲಿ ಬಣ್ಣದ ಅರ್ಧಚಂದ್ರದ ಬೋರ್ಡ್ ನೋಡಿರುತ್ತೀರಿ. ಅದು ಬ್ಯಾನ್ ಅಲ್ಲ, ರೇಟಿಂಗ್. ಬೆಂಕಿ ಹತ್ತಿಕೊಂಡರೆ ಅವತ್ತು ಎಷ್ಟು ಅಪಾಯ ಅನ್ನುವುದನ್ನು ಹೇಳುತ್ತದೆ. 2022ರ ಸೆಪ್ಟೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ಪದ್ಧತಿ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರೋಫಿಕ್. ಕೊನೆಯದು ಬಂದ ದಿನ ಕಾಡಿನ ಹತ್ತಿರ ಅಥವಾ ಬಯಲು ಹುಲ್ಲಿನ ಮಧ್ಯೆ ಇರುವವರು ಬೆಂಕಿ ಕಾಣುವವರೆಗೆ ಕಾಯಬಾರದು. ಬೆಳಿಗ್ಗೆಯೇ, ಸಾಧ್ಯವಾದರೆ ಹಿಂದಿನ ರಾತ್ರಿಯೇ, ಪೇಟೆ ಕಡೆ ಹೊರಟುಬಿಡಬೇಕು. ಡ್ಯಾಂಡೆನಾಂಗ್ ಬೆಟ್ಟದಲ್ಲಿ ವಾರಾಂತ್ಯಕ್ಕೆ ಮನೆ ಬುಕ್ ಮಾಡಿದ್ದರೆ ಅವತ್ತು ದುಡ್ಡಿನ ಮುಖ ನೋಡಬೇಡಿ.

ನಮ್ಮ ಹಬ್ಬಗಳ ವಿಷಯ. ದೀಪಾವಳಿ ಇಲ್ಲಿ ವಸಂತ ಕಾಲದಲ್ಲಿ ಬರುತ್ತದೆ, ಆಗಲೇ ಕೆಲವು ಕಡೆ ನಿರ್ಬಂಧ ಶುರುವಾಗಿರಬಹುದು. ಪಟಾಕಿಯನ್ನು ವಿಕ್ಟೋರಿಯಾದಲ್ಲಿ ಸಾಮಾನ್ಯ ಜನ ಕೊಳ್ಳುವಂತಿಲ್ಲ, ಹಚ್ಚುವಂತಿಲ್ಲ. ಲೈಸೆನ್ಸ್ ಇದ್ದವರು ಮಾತ್ರ. ಯಾರೋ ಕದ್ದುಮುಚ್ಚಿ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಗೃಹಪ್ರವೇಶದ ಹೋಮಕ್ಕೆ ಹಿತ್ತಲಲ್ಲಿ ಕುಂಡ ಇಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಮೇಲೆ ಹೇಳಿದ ವಿನಾಯಿತಿ ಅಡುಗೆಗೆ ಮತ್ತು ಚಳಿಗೆ ಮಾತ್ರ. ಮುಹೂರ್ತ ಗೊತ್ತಾದ ಕೂಡಲೇ ಕೌನ್ಸಿಲ್‌ಗೂ ಸಿಎಫ್‌ಎಗೂ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಅವತ್ತು ಬ್ಯಾನ್ ಬಂದರೆ ಏನು ಮಾಡುವುದು ಎಂದು ಪುರೋಹಿತರ ಜೊತೆ ಮೊದಲೇ ಮಾತಾಡಿಕೊಳ್ಳಿ. ಜನವರಿ, ಫೆಬ್ರವರಿ ಬಿಟ್ಟು ಮುಹೂರ್ತ ಹುಡುಕುವುದು ಇನ್ನೂ ಒಳ್ಳೆಯದು.

ಸೈಟ್ ಕೊಂಡು ಮನೆ ಕಟ್ಟಲು ಕಾಯುತ್ತಿರುವವರಿಗೆ ಒಂದು ವಿಶೇಷ ಮಾತು. ಸೈಟ್ ಖಾಲಿ ಇದ್ದರೂ ಅಲ್ಲಿನ ಹುಲ್ಲಿಗೆ ನೀವೇ ಹೊಣೆ. ಬೇಸಿಗೆಗೆ ಮೊದಲು ಕೌನ್ಸಿಲ್‌ನವರು ಬಂದು ನೋಡುತ್ತಾರೆ. ಹುಲ್ಲು ಎತ್ತರವಿದ್ದರೆ ಫೈರ್ ಪ್ರಿವೆನ್ಷನ್ ನೋಟಿಸ್ ಬರುತ್ತದೆ. ಹೇಳಿದ ದಿನದೊಳಗೆ ಕತ್ತರಿಸದಿದ್ದರೆ ದಂಡ ಹಾಕಿ, ಅವರೇ ಕತ್ತರಿಸಿ ಖರ್ಚನ್ನೂ ನಿಮ್ಮಿಂದ ವಸೂಲು ಮಾಡುತ್ತಾರೆ. ಆ ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ಕಷ್ಟಕ್ಕೆ ಸಿಕ್ಕ ಇಬ್ಬರು ನನಗೆ ಗೊತ್ತು. ಮನೆ ಬದಲಿಸಿದಾಗ ಕೌನ್ಸಿಲ್‌ಗೆ ವಿಳಾಸ ತಿಳಿಸಿ. ಹುಲ್ಲು 10 ಸೆಂಟಿಮೀಟರ್‌ಗಿಂತ ಕೆಳಗಿರಲಿ.

ಹುಲ್ಲಿನ ಬೆಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಯಲಲ್ಲಿ ಅದು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ನಾವು ಓಡಿ ಅದನ್ನು ಹಿಂದೆ ಹಾಕುವುದು ಸಾಧ್ಯವಿಲ್ಲ. ಆದರೆ ಒತ್ತಾಗಿ ಕಟ್ಟಿದ ಮನೆಗಳು, ಟಾರ್ ರಸ್ತೆ, ಕತ್ತರಿಸಿದ ಹುಲ್ಲು ಇರುವ ಕಡೆ ಅದಕ್ಕೆ ಉರಿಯಲು ಏನೂ ಸಿಗುವುದಿಲ್ಲ. ಹಾಗಾಗಿ ನಿಮ್ಮ ಮನೆ ಬಯಲಿನ ಅಂಚಿನಲ್ಲಿದ್ದರೆ, ಹೊಗೆ ಕಂಡ ಕೂಡಲೇ ಮಕ್ಕಳನ್ನು ಕರೆದುಕೊಂಡು ಎರಡು ಬೀದಿ ಒಳಗೆ ನಡೆದು ಹೋಗಿ. ಎಲ್ಲರೂ ಒಟ್ಟಿಗೆ ಕಾರು ತೆಗೆದರೆ ಬಡಾವಣೆಯ ಒಂದೇ ದಾರಿ ಕಟ್ಟಿಹೋಗುತ್ತದೆ, ಫೈರ್ ಇಂಜಿನ್ ಒಳಗೆ ಬರಲಾಗುವುದಿಲ್ಲ. ಉದ್ದ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಬೇಡ, ಸೈಲೆನ್ಸರ್ ಬಿಸಿಗೇ ಹುಲ್ಲು ಹತ್ತಿಕೊಳ್ಳುತ್ತದೆ. ಮೋವರ್‌ನ ಬ್ಲೇಡ್ ಕಲ್ಲಿಗೆ ತಾಗಿದರೆ ಕಿಡಿ ಏಳುತ್ತದೆ. ಬೆಳಗಿನ ತಂಪಿನಲ್ಲೇ ಹುಲ್ಲು ಕತ್ತರಿಸಿ ಮುಗಿಸಿ.

ಕ್ಯಾಂಪಿಂಗ್ ಹೋಗುವವರೇ, ಹೊರಡುವ ಮೊದಲು ಆ ಪಾರ್ಕ್‌ನ ನಿಯಮ ಓದಿ. ವಿಲ್ಸನ್ಸ್ ಪ್ರೊಮಾಂಟರಿಯಲ್ಲಿ ಕ್ಯಾಂಪ್‌ಫೈರ್‌ಗೆ ಯಾವ ಕಾಲದಲ್ಲೂ ಅವಕಾಶವಿಲ್ಲ. ಅವಕಾಶ ಇರುವ ಕಡೆ ಬೆಂಕಿ ಆರಿಸಲು ಮಣ್ಣು ಮುಚ್ಚಬೇಡಿ, ನೀರು ಹಾಕಿ. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಮರುದಿನ ಬರಿಗಾಲಲ್ಲಿ ಓಡಾಡುವ ಮಗು ಅದರ ಮೇಲೆ ಕಾಲಿಡುತ್ತದೆ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಕೈಯಿಟ್ಟರೆ ತಣ್ಣಗಿರಬೇಕು.

ಬಾಡಿಗೆ ಮನೆಯ ಸ್ಮೋಕ್ ಅಲಾರಂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಮಾಲೀಕರ ಕರ್ತವ್ಯ. ಒಗ್ಗರಣೆ ಹೊಗೆಗೆ ಕೂಗುತ್ತದೆ ಎಂದು ಬ್ಯಾಟರಿ ತೆಗೆದಿಡಬೇಡಿ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ.

ಬೆಂಕಿಯಂಥ ತುರ್ತಿನ ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ಅನ್ನು ಫೋನಿನಲ್ಲಿ ಇವತ್ತೇ ಹಾಕಿಕೊಳ್ಳಿ. ಮನೆ, ಮಕ್ಕಳ ಶಾಲೆ, ಆಫೀಸು, ಮೂರಕ್ಕೂ ವಾಚ್ ಝೋನ್ ಇಡಿ, ಆ ಜಾಗಗಳ ಎಚ್ಚರಿಕೆ ಫೋನಿಗೆ ಬರುತ್ತದೆ. ಮಾಹಿತಿ ಕೇಳಲು 1800 226 226. ಅಪ್ಪ ಅಮ್ಮ ಊರಿಂದ ಬಂದು ಹಗಲು ಒಬ್ಬರೇ ಮನೆಯಲ್ಲಿದ್ದರೆ ಅವರಿಗೂ ಈ ಕೆಳಗಿನದನ್ನು ಒಂದು ಸಲ ಹೇಳಿಸಿ, ಅಭ್ಯಾಸ ಮಾಡಿಸಿ. ಬೆಂಕಿ ಕಂಡರೆ 000 ಒತ್ತಬೇಕು. ಪೊಲೀಸ್, ಫೈರ್, ಆಂಬುಲೆನ್ಸ್, ಯಾವುದು ಬೇಕು ಎಂದು ಕೇಳುತ್ತಾರೆ. "ಫೈರ್" ಅನ್ನಬೇಕು. ಆಮೇಲೆ ಬಡಾವಣೆಯ ಹೆಸರು, ಬೀದಿ, ಹತ್ತಿರದ ಅಡ್ಡರಸ್ತೆ. ಇಂಗ್ಲಿಷ್ ಕಷ್ಟವಾದರೆ "ಕನ್ನಡ" ಎಂದು ಹೇಳಿ ಲೈನ್‌ನಲ್ಲೇ ಇರಬೇಕು, ಫೋನ್ ಇಡಬಾರದು. ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.